ಮಗು ಶಾಲೆಗೆ ಬಂದರೆ ಮನೆಗೆ ಹಣ: ಷರತ್ತಿನ ಸಹಾಯಧನ ನಡೆಸುವುದು ಹೇಗೆ?

ನಾಲ್ಕೈದು ಗೆಳೆಯರು ಸೇರಿದ್ದೀರಿ. ತಿಂಗಳಿಗೆ ಇಷ್ಟು ಅಂತ ಎತ್ತಿಡಲು ಒಪ್ಪಿದ್ದೀರಿ. ಓದು ಬಿಡುವ ಹಾಗಿರುವ ಬಡ ಮಕ್ಕಳ ಮನೆಗೆ ಆ ಹಣ ಹೋಗಬೇಕು, ಮಗು ತಪ್ಪದೆ ಶಾಲೆಗೆ ಬರಬೇಕು. ಕೇಳೋಕೆ ಸುಲಭ ಅಲ್ವಾ? ನಾನೂ ಹಾಗೇ ಅಂದುಕೊಂಡಿದ್ದೆ. ಇಂಥದ್ದೇ ಒಂದು ಸಣ್ಣ ಗುಂಪಿನಲ್ಲಿ ಲೆಕ್ಕ ಬರೆಯುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಹಣ ಕೂಡಿಸುವುದು ಕಷ್ಟ ಅಂತ ಹೆದರಿದ್ದೆವು. ಅದು ಹೇಗೋ ಆಯಿತು. ಕಷ್ಟ ಬಂದದ್ದು ಬೇರೆ ಕಡೆಯಿಂದ: ಯಾವ ವಯಸ್ಸಿನ ಮಕ್ಕಳಿಗೆ ಕೊಡಬೇಕು, ಯಾವಾಗ ಕೊಡಬೇಕು, ಮಗು ಬರದಿದ್ದರೆ ಏನು ಮಾಡಬೇಕು. ಈ ಬರಹದಲ್ಲಿ ಜಾಸ್ತಿ ಜಾಗ ಈ ಮೂರಕ್ಕೇ ಹೋಗುತ್ತದೆ.

ಈ ಯೋಚನೆ ಹಳೆಯದೇ. ಬಾಂಗ್ಲಾದೇಶ 1994ರಲ್ಲಿ ಹಳ್ಳಿಗಾಡಿನ ಹೈಸ್ಕೂಲು ಹುಡುಗಿಯರಿಗೆ ದೇಶದುದ್ದಕ್ಕೂ ಸ್ಟೈಪೆಂಡ್ ಶುರು ಮಾಡಿತು. ಬ್ರೆಜಿಲ್‌ನ ಕಾಂಪಿನಾಸ್ ನಗರ ಮತ್ತು ರಾಜಧಾನಿ ಬ್ರೆಸಿಲಿಯಾ 1995ರಲ್ಲಿ ತಮ್ಮ ತಮ್ಮ ಯೋಜನೆ ತಂದವು. 2003ರಲ್ಲಿ ಅದರ ಬೇರಿನಿಂದಲೇ ಬೋಲ್ಸಾ ಫಮಿಲಿಯಾ ಬಂತು. ಮೆಕ್ಸಿಕೋದ ಪ್ರೊಗ್ರೆಸಾ 1997ರದ್ದು. ಇವುಗಳಿಂದ ಕಲಿಯುವುದು ಬೇಕಾದಷ್ಟಿದೆ. ಸಣ್ಣ ಗುಂಪಿಗೂ ಆ ಪಾಠಗಳು ಒಗ್ಗುತ್ತವೆ.

ಹಂತ 1: ಮಕ್ಕಳು ಯಾಕೆ ಬಿಡುತ್ತಿದ್ದಾರೆ ಎಂದು ಮೊದಲು ನೋಡಿ

ಹಣದ ಮಾತಿಗೆ ಮುಂಚೆ ಶಾಲೆಗೆ ಹೋಗಿ. ಹೆಡ್‌ಮಾಸ್ಟರ್ ಒಪ್ಪಿದರೆ ಹಿಂದಿನ ಮೂರು ವರ್ಷದ ದಾಖಲಾತಿ ಪುಸ್ತಕಗಳನ್ನು ಪಕ್ಕಪಕ್ಕ ಇಟ್ಟುಕೊಳ್ಳಿ. ಒಂದು ವರ್ಷದ ಆರನೇ ತರಗತಿಯ ಹೆಸರುಗಳನ್ನು ಮರುವರ್ಷದ ಏಳನೇ ತರಗತಿಯಲ್ಲಿ ಹುಡುಕಿ. ಕಾಣದ ಹೆಸರುಗಳನ್ನು ಬರೆದುಕೊಳ್ಳಿ. ಬೇರೆ ಊರಿಗೆ ಹೋದವರನ್ನು ತೆಗೆದರೆ ಉಳಿಯುವುದೇ ನಿಮ್ಮ ಮೊದಲ ಪಟ್ಟಿ.

ಆಮೇಲೆ ಆ ಪೈಕಿ ಹತ್ತು ಮನೆಗಳಿಗೆ ಹೋಗಿ ಮಾತಾಡಿ. "ಯಾಕೆ ಬಿಡಿಸಿದಿರಿ?" ಅಂತ ಕೇಳಬೇಡಿ. ಅದು ತಪ್ಪೊಪ್ಪಿಸುವ ಪ್ರಶ್ನೆ, ಉತ್ತರವೂ ಹಾಗೇ ಬರುತ್ತದೆ. "ಈಗ ಬೆಳಗ್ಗೆ ಎದ್ದು ಏನು ಮಾಡ್ತಾನೆ?" ಅಂತ ಕೇಳಿ. ಗ್ಯಾರೇಜಿಗೆ ಹೋಗುತ್ತಾನೆ, ತಂಗಿಯನ್ನು ನೋಡಿಕೊಳ್ಳುತ್ತಾಳೆ, ಸುಮ್ನೆ ಮನೆಯಲ್ಲಿದ್ದಾನೆ — ಈ ಮೂರು ಉತ್ತರಗಳಿಗೆ ಮೂರು ಬೇರೆ ಬೇರೆ ಮದ್ದು ಬೇಕು.

ಗ್ಯಾರೇಜಿಗೆ ಹೋಗುವ ಹುಡುಗನ ಮನೆಗೆ ಹಣ ಕೆಲಸ ಮಾಡುತ್ತದೆ, ಯಾಕೆಂದರೆ ಅಲ್ಲಿ ಅವನ ದುಡಿಮೆಯೇ ಶಾಲೆಗೆ ಎದುರಾಳಿ. ತಂಗಿಯನ್ನು ನೋಡಿಕೊಳ್ಳುವವಳಿಗೆ ಹಣ ಅರ್ಧ ಕೆಲಸ ಮಾಡುತ್ತದೆ. ಸುಮ್ನೆ ಕೂತವನ ವಿಷಯ ಬೇರೆ. ಅವನಿಗೆ ಬಹುಶಃ ಪಾಠ ಅರ್ಥವಾಗುತ್ತಿಲ್ಲ, ಇಲ್ಲವೇ ಯಾರೋ ಹೊಡೆದಿದ್ದಾರೆ. ಅಲ್ಲಿ ತಿಂಗಳ ಹಣ ಕೊಟ್ಟರೆ ಮಗು ಬಂದು ಬೆಂಚಿನ ಮೇಲೆ ಕೂರುತ್ತದೆ, ಅಷ್ಟೇ.

ಕೆಲವು ಕಡೆ ಹಣಕ್ಕಿಂತ ಅಗ್ಗದ ದಾರಿ ಸಿಗುತ್ತದೆ. ಬಿಹಾರದಲ್ಲಿ 2006ರಿಂದ ಒಂಬತ್ತನೇ ತರಗತಿಗೆ ಸೇರಿದ ಹುಡುಗಿಯರಿಗೆ ಸೈಕಲ್ ಕೊಳ್ಳಲು ಹಣ ಕೊಟ್ಟರು. ಹೈಸ್ಕೂಲಿಗೆ ಸೇರುವ ಹುಡುಗಿಯರ ಪ್ರಮಾಣ ಶೇ 32ರಷ್ಟು ಏರಿತು ಎಂದು ಅದನ್ನು ಅಧ್ಯಯನ ಮಾಡಿದವರು ಲೆಕ್ಕ ಹಾಕಿದ್ದಾರೆ. ಅಡ್ಡಿ ಇದ್ದದ್ದು ದೂರದಲ್ಲಿ. ಕೀನ್ಯಾದಲ್ಲಿ ಮಕ್ಕಳಿಗೆ ಜಂತುಹುಳದ ಮಾತ್ರೆ ಕೊಟ್ಟಾಗ ಗೈರುಹಾಜರಿ ಕಾಲುಭಾಗದಷ್ಟು ಇಳಿದದ್ದು ವರದಿಯಾಗಿದೆ. ನಿಮ್ಮ ಹತ್ತು ಮನೆಗಳಲ್ಲಿ ಏಳು ಮನೆಯವರು ದೂರದ ಮಾತೇ ಆಡಿದರೆ, ಸಹಾಯಧನ ಬಿಟ್ಟು ಒಂದು ವ್ಯಾನ್ ಗೊತ್ತುಮಾಡುವುದು ವಾಸಿ. ಈ ಮಾರ್ಗದರ್ಶಿಯನ್ನು ಅಲ್ಲಿಗೇ ಮಡಚಿಡಬಹುದು.

ಹಂತ 2: ಮಕ್ಕಳು ಜಾರುವ ತರಗತಿಯನ್ನು ಹಿಡಿಯಿರಿ

ಹೊಸಬರು ಸಾಮಾನ್ಯವಾಗಿ ಮಾಡುವ ತಪ್ಪು, ಒಂದನೇ ತರಗತಿಯ ಪುಟ್ಟ ಮಕ್ಕಳನ್ನು ಆರಿಸುವುದು. ಮುದ್ದಾಗಿರುತ್ತವೆ, ಚಂದಾ ಕೊಡುವವರಿಗೂ ಇಷ್ಟವಾಗುತ್ತವೆ. ಆದರೆ ಆ ವಯಸ್ಸಿನ ಮಕ್ಕಳು ಬಹುತೇಕ ಕಡೆ ಹೇಗೂ ಶಾಲೆಗೆ ಬರುತ್ತಿರುತ್ತಾರೆ. ಹೇಗೂ ಬರುವ ಮಗುವಿಗೆ ಬಾ ಅಂತ ಹಣ ಕೊಟ್ಟರೆ ಮನೆಗೆ ನೆರವಾಗುತ್ತದೆ, ಶಾಲೆಯ ಲೆಕ್ಕ ಬದಲಾಗುವುದಿಲ್ಲ.

ಪ್ರೊಗ್ರೆಸಾದಲ್ಲಿ ಇದು ಕಣ್ಣಿಗೆ ಕಟ್ಟುವಂತೆ ಕಂಡಿತು. ಮೆಕ್ಸಿಕೋದವರು 506 ಹಳ್ಳಿಗಳನ್ನು ಆರಿಸಿ, 320ರಲ್ಲಿ ಮೊದಲು ಹಣ ಕೊಟ್ಟರು, 186ರಲ್ಲಿ ತಡವಾಗಿ ಕೊಟ್ಟರು. ಎರಡನ್ನೂ ಹೋಲಿಸಿ ನೋಡಿದರೆ ಪ್ರೈಮರಿಯಲ್ಲಿ ಹೆಚ್ಚಿನ ವ್ಯತ್ಯಾಸ ಇರಲಿಲ್ಲ, ಅಲ್ಲಿ ಶೇ 90ಕ್ಕಿಂತ ಜಾಸ್ತಿ ಮಕ್ಕಳು ಮೊದಲೇ ಬರುತ್ತಿದ್ದರು. ದೊಡ್ಡ ಫಲ ಕಂಡದ್ದು ಆರನೇ ತರಗತಿ ಮುಗಿಸಿ ಮುಂದಿನ ಶಾಲೆಗೆ ದಾಟುವ ಜಾಗದಲ್ಲಿ. ಅಲ್ಲಿ ಶೇ 58 ಇದ್ದ ದಾಖಲಾತಿ ಶೇ 69ರ ಹತ್ತಿರ ಹೋಯಿತು. ಹುಡುಗಿಯರಲ್ಲಿ ಏರಿಕೆ ಇನ್ನೂ ಜಾಸ್ತಿ.

ನಿಮ್ಮ ಶಾಲೆಯ ಜಾರುವ ಜಾಗ ಐದರಿಂದ ಆರಕ್ಕೆ ಇರಬಹುದು, ಏಳರಿಂದ ಎಂಟಕ್ಕೆ ಇರಬಹುದು. ಶಾಲೆ ಬದಲಾಗುವ ಕಡೆ, ಕಟ್ಟಡ ಬದಲಾಗುವ ಕಡೆ, ಬಸ್ ಹತ್ತಬೇಕಾದ ಕಡೆ ಹುಡುಕಿ. ಹಂತ 1ರ ಪಟ್ಟಿಯೇ ಅದನ್ನು ಹೇಳುತ್ತದೆ. ಆ ದಾಟುವ ವರ್ಷಕ್ಕೆ ಒಂದು ವರ್ಷ ಮುಂಚೆ ಹಣ ಶುರು ಮಾಡಿ. ಬಿಟ್ಟ ಮೇಲೆ ಮರಳಿ ಕರೆತರುವುದು ತುಂಬ ಕಷ್ಟ. ಕೆಲಸಕ್ಕೆ ಹೋಗಿ ನಾಲ್ಕು ಕಾಸು ಕಂಡ ಹುಡುಗ ತನಗಿಂತ ಚಿಕ್ಕವರ ಜೊತೆ ಬೆಂಚಿನಲ್ಲಿ ಕೂರಲು ಒಪ್ಪುವುದಿಲ್ಲ.

ಹಂತ 3: ಯಾವ ಮನೆ?

ಬಡತನ ಅಳೆಯಲು ಸಣ್ಣ ಗುಂಪಿಗೆ ದೊಡ್ಡ ಸಮೀಕ್ಷೆ ಬೇಕಿಲ್ಲ. ಕಣ್ಣಿಗೆ ಕಾಣುವ ಐದಾರು ಗುರುತು ಸಾಕು: ದುಡಿಯುವವರು ಎಷ್ಟು ಜನ, ಕೂಲಿ ದಿನದ್ದೋ ತಿಂಗಳದ್ದೋ, ಚಾವಣಿ ಯಾವುದು, ಮನೆಯಲ್ಲಿ ದೀರ್ಘ ಕಾಯಿಲೆಯವರಿದ್ದಾರಾ, ಒಬ್ಬರೇ ಪೋಷಕರಾ, ಸಾಲ ಎಷ್ಟಿದೆ. ಪ್ರತಿಯೊಂದಕ್ಕೂ ಅಂಕ ಕೊಟ್ಟು ಕೂಡಿಸಿ. ಆ ಪಟ್ಟಿಯನ್ನು ಇಬ್ಬರು ಶಿಕ್ಷಕರಿಗೂ ಆ ಬೀದಿಯನ್ನು ಬಲ್ಲ ಒಬ್ಬ ಹಿರಿಯರಿಗೂ ಬೇರೆ ಬೇರೆಯಾಗಿ ತೋರಿಸಿ. ಮೂವರೂ "ಈ ಮನೆ ಬಿಟ್ಟು ಹೋಗಿದೆಯಲ್ಲ" ಅಂದರೆ ಮತ್ತೆ ಹೋಗಿ ನೋಡಿ. ಅನುಕೂಲಸ್ಥರು ಒಬ್ಬರು ನುಸುಳಿದರೆ ಸ್ವಲ್ಪ ಹಣ ಹೋಗುತ್ತದೆ. ನಿಜವಾದ ಬಡವರು ಒಬ್ಬರು ಬಿಟ್ಟುಹೋದರೆ ಒಂದು ಮಗು ಹೋಗುತ್ತದೆ. ನಾನಂತೂ ಮೊದಲ ತಪ್ಪನ್ನು ತಡೆದುಕೊಳ್ಳುತ್ತೇನೆ.

ಅಂಕಪಟ್ಟಿ ನೋಡಿ ಆರಿಸಬೇಕೇ? ಇಲ್ಲೊಂದು ತೊಡಕಿದೆ, ಮುಚ್ಚಿಡುವುದಿಲ್ಲ. ಕಾಂಬೋಡಿಯಾದಲ್ಲಿ ನಾಲ್ಕನೇ ತರಗತಿಯ ಮಕ್ಕಳಿಗೆ ಕೆಲವು ಶಾಲೆಗಳಲ್ಲಿ ಬಡತನ ನೋಡಿ, ಕೆಲವು ಶಾಲೆಗಳಲ್ಲಿ ಅಂಕ ನೋಡಿ ವಿದ್ಯಾರ್ಥಿವೇತನ ಕೊಟ್ಟರು. ಎರಡೂ ಕಡೆ ಮಕ್ಕಳು ಶಾಲೆಯಲ್ಲಿ ಉಳಿದರು. ಆದರೆ ಪರೀಕ್ಷೆಯ ಅಂಕ ಏರಿದ್ದು ಅಂಕ ನೋಡಿ ಆರಿಸಿದ ಕಡೆ ಮಾತ್ರ. "ನಿನ್ನ ಓದಿಗಾಗಿ ಇದು ಸಿಕ್ಕಿದೆ" ಎಂದರೆ ಮಗುವಿಗೂ ಮನೆಗೂ ಹುರುಪು ಬರುತ್ತದೆ, ಅದು ಸಹಜ. ಹಾಗಂತ ಅಂಕವನ್ನೇ ಅಳತೆಗೋಲು ಮಾಡಿದರೆ ಮೊದಲು ಜಾರುವ ಮಗುವೇ ಹೊರಗುಳಿಯುತ್ತದೆ. ಬಡತನ ನೋಡಿ ಆರಿಸಿ. ಮನೆಯವರಿಗೆ ತಿಳಿಸುವಾಗ ಮಾತ್ರ "ನಿಮ್ಮ ಮಗಳ ಓದಿಗೆ" ಅನ್ನಿ. "ನಿಮ್ಮ ಕಷ್ಟಕ್ಕೆ" ಅನ್ನಬೇಡಿ.

ಒಂದೇ ಮನೆಯಲ್ಲಿ ಇಬ್ಬರು ಮೂವರು ಮಕ್ಕಳಿದ್ದರೆ ಹುಷಾರು. ಕೊಲಂಬಿಯಾದ ಬೊಗೊಟಾದಲ್ಲಿ ಒಂದು ಮಗುವಿಗೆ ಹಣ ಸಿಕ್ಕಿ ಇನ್ನೊಂದಕ್ಕೆ ಸಿಗದ ಮನೆಗಳಲ್ಲಿ, ಸಿಗದ ಮಗುವಿನ ಹಾಜರಿ ಕುಸಿಯಿತು. ಅದರಲ್ಲೂ ಹುಡುಗಿಯರದ್ದು. ಮನೆಯವರ ಲೆಕ್ಕ ಸರಳ: ಅಣ್ಣ ಶಾಲೆಗೆ ಹೋಗಲೇಬೇಕು, ಹಾಗಾದರೆ ಕೆಲಸಕ್ಕೆ ತಂಗಿ. ಆದ್ದರಿಂದ ಮನೆಯನ್ನು ಆರಿಸಿ, ಮಗುವನ್ನಲ್ಲ. ಓದುವ ವಯಸ್ಸಿನ ಮಕ್ಕಳೆಲ್ಲ ಬರಬೇಕು ಅಂತ ಷರತ್ತಿಡಿ. ಒಂದು ಮನೆಗೆ ಗರಿಷ್ಠ ಇಷ್ಟು ಅಂತ ಮಿತಿ ಇಡಿ, ಪ್ರೊಗ್ರೆಸಾದಲ್ಲೂ ಅಂಥ ಮಿತಿ ಇತ್ತು.

ಹಂತ 4: ಎಷ್ಟು ಕೊಡಬೇಕು, ಎಷ್ಟು ಮಕ್ಕಳಿಗೆ ಮಾತು ಕೊಡಬಹುದು

ಎರಡು ಸಂಖ್ಯೆ ಬರೆದುಕೊಳ್ಳಿ. ಒಂದು, ಮಗು ಶಾಲೆಗೆ ಹೋಗಲು ತಿಂಗಳಿಗೆ ಮನೆಯವರಿಗೆ ತಗಲುವ ಖರ್ಚು: ಬಸ್ಸು, ಪುಸ್ತಕ, ಬಟ್ಟೆ, ಶುಲ್ಕ. ಇನ್ನೊಂದು, ಆ ವಯಸ್ಸಿನ ಮಗು ದುಡಿದರೆ ಮನೆಗೆ ತರುವ ಹಣ. ಮೊದಲನೆಯದು ಪೂರ್ತಿ, ಎರಡನೆಯದರಲ್ಲಿ ಒಂದಂಶ ಸೇರಿದರೆ ಮೊತ್ತ ಸಿಗುತ್ತದೆ. ಪ್ರೊಗ್ರೆಸಾದ ಮೇಲಿನ ತರಗತಿಯ ಹಣ, ಮಗು ದಿನಪೂರ್ತಿ ದುಡಿದರೆ ಗಳಿಸುವುದರ ಮೂರನೇ ಎರಡು ಭಾಗದಷ್ಟಿತ್ತು. ತರಗತಿ ಏರಿದ ಹಾಗೆ ಹಣವೂ ಏರುತ್ತಿತ್ತು. ಹನ್ನೊಂದರ ಹುಡುಗನಿಗಿಂತ ಹದಿನೈದರ ಹುಡುಗನಿಗೆ ಹೊರಗೆ ಸಿಗುವ ಕೂಲಿ ಜಾಸ್ತಿ, ಅದಕ್ಕೇ. ಹೈಸ್ಕೂಲಿನಲ್ಲಿ ಹುಡುಗಿಯರಿಗೆ ಸ್ವಲ್ಪ ಹೆಚ್ಚು ಕೊಡುತ್ತಿದ್ದರು.

ಹಾಗಂತ ಜಾಸ್ತಿ ಕೊಟ್ಟಷ್ಟೂ ಜಾಸ್ತಿ ಫಲ ಅನ್ನುವಂತಿಲ್ಲ. ಕಾಂಬೋಡಿಯಾದ ಇನ್ನೊಂದು ಯೋಜನೆಯಲ್ಲಿ ವರ್ಷಕ್ಕೆ 45 ಡಾಲರ್ ಪಡೆದವರಿಗೂ 60 ಡಾಲರ್ ಪಡೆದವರಿಗೂ ಹಾಜರಿಯಲ್ಲಿ ದೊಡ್ಡ ಅಂತರ ಬರಲಿಲ್ಲ. ಮೊದಲ ಚೂರು ಹಣ ಮಾಡುವ ಕೆಲಸವನ್ನು ಮೇಲಿನ ಚೂರು ಮಾಡುವುದಿಲ್ಲ. ಕೈ ಬಿಗಿಯಿದ್ದರೆ ಮೊತ್ತ ಸ್ವಲ್ಪ ತಗ್ಗಿಸಿ, ತಾರೀಕು ತಪ್ಪಿಸಬೇಡಿ.

ಈಗ ಮಾತು ಕೊಡುವ ಲೆಕ್ಕ. ನಾವು ಎಡವಿದ್ದು ಇಲ್ಲೇ. ವರ್ಷಕ್ಕೆ 12 ಹೊಸ ಮಕ್ಕಳು, ಒಬ್ಬೊಬ್ಬರಿಗೆ ಮೂರು ವರ್ಷ ಅಂದುಕೊಳ್ಳಿ. ಮೊದಲ ವರ್ಷ 12 ಮಕ್ಕಳು, ಎರಡನೇ ವರ್ಷ 24, ಮೂರನೇ ವರ್ಷ 36. ಮೊದಲ ವರ್ಷದ ಚಂದಾ ನೋಡಿ ಹಿಗ್ಗಿ 20 ಮಕ್ಕಳನ್ನು ಸೇರಿಸಿಕೊಂಡರೆ ಮೂರನೇ ವರ್ಷಕ್ಕೆ 60 ಆಗುತ್ತದೆ. ಅಷ್ಟು ಹೊತ್ತಿಗೆ ಚಂದಾ ಕೊಡುವವರಲ್ಲಿ ಇಬ್ಬರು ಊರು ಬಿಟ್ಟಿರುತ್ತಾರೆ, ಒಬ್ಬರು ಮನೆ ಕಟ್ಟಿಸುತ್ತಿರುತ್ತಾರೆ. ಆದ್ದರಿಂದ ನಿಯಮ ಹೀಗಿರಲಿ: ಇರುವ ಮಕ್ಕಳ ಉಳಿದ ವರ್ಷಗಳ ಹಣ ಬ್ಯಾಂಕಿನಲ್ಲಿ ಬಂದು ಕೂರುವವರೆಗೆ ಹೊಸ ಹೆಸರು ಬರೆಯುವಂತಿಲ್ಲ. ಓಡಾಟ, ಫೋನು, ಬ್ಯಾಂಕಿನ ಖರ್ಚಿಗೆ ಬೇರೆ ಸಾಲು ಇಡಿ. ನಮ್ಮ ಕೈಯಿಂದಲೇ ಹಾಕಿದರಾಯಿತು ಅನ್ನುವ ಗುಂಪಿನಲ್ಲಿ ಎರಡನೇ ವರ್ಷಕ್ಕೆ ಓಡಾಡುವವರೇ ಇರುವುದಿಲ್ಲ.

ಹಂತ 5: ಷರತ್ತು ಒಂದೇ ಇರಲಿ

ಬಾಂಗ್ಲಾದೇಶದಲ್ಲಿ ಹುಡುಗಿಯರಿಗೆ ಮೂರು ಷರತ್ತಿದ್ದವು: ಶೇ 75 ಹಾಜರಿ, ಪರೀಕ್ಷೆಯಲ್ಲಿ ಶೇ 45 ಅಂಕ, ಮತ್ತು ಮದುವೆ ಆಗಿರಬಾರದು. ಪ್ರೊಗ್ರೆಸಾ ಶೇ 85 ಹಾಜರಿ ಕೇಳಿತು, ಫಿಲಿಪೀನ್ಸ್‌ನ ಪಂತಾವಿದ್ ಯೋಜನೆಯೂ ಅಷ್ಟೇ. ನಿಮಗೆ ಹಾಜರಿ ಒಂದು ಸಾಕು. ಅಂಕದ ಷರತ್ತು ಬೇಡ, ಫೇಲಾದ ಮಗು ಆ ತಿಂಗಳೇ ಹಣವನ್ನೂ ಕಳೆದುಕೊಂಡರೆ ಬಿಡಲು ಎರಡು ಕಾರಣ ಸಿಕ್ಕ ಹಾಗಾಯಿತು.

ಶೇಕಡಾ ಲೆಕ್ಕವನ್ನು ಮನೆಯವರಿಗೆ ಹಾಗೇ ಹೇಳಬೇಡಿ, ದಿನದಲ್ಲಿ ಹೇಳಿ. ತಿಂಗಳಿಗೆ 22 ಶಾಲಾ ದಿನ ಇದ್ದರೆ ಶೇ 85 ಅಂದರೆ 19 ದಿನ ಬರಬೇಕು, ಮೂರು ದಿನ ತಪ್ಪಬಹುದು. ಶೇ 80 ಆದರೆ ನಾಲ್ಕು ದಿನ. ಎರಡು ತಿಂಗಳನ್ನು ಒಟ್ಟಿಗೆ ಎಣಿಸುವುದು ಇನ್ನೂ ಒಳ್ಳೆಯದು: 44 ದಿನದಲ್ಲಿ ಆರು ದಿನ ರಜೆ. ಜ್ವರ ಬಂದು ಒಂದೇ ವಾರದಲ್ಲಿ ಐದು ದಿನ ಮಲಗಿದ ಮಗು ಆಗ ಸಿಕ್ಕಿಬೀಳುವುದಿಲ್ಲ. ಡಾಕ್ಟರ ಚೀಟಿ ಕೇಳುವ ಗೊಡವೆಯೂ ತಪ್ಪುತ್ತದೆ.

ಷರತ್ತು ಬೇಕೇ ಬೇಕಾ? ಮೊರಾಕೊದಲ್ಲಿ 2008ರಲ್ಲಿ ಶುರುವಾದ ತೈಸೀರ್ ಯೋಜನೆಯಲ್ಲಿ ಕೆಲವು ಹಳ್ಳಿಗಳಲ್ಲಿ ಹಾಜರಿ ನೋಡಿ ಹಣ ಕೊಟ್ಟರು, ಕೆಲವು ಕಡೆ "ಇದು ಮಕ್ಕಳ ಓದಿನ ಹಣ" ಅಂತ ಹೇಳಿ ಸುಮ್ನೆ ಕೊಟ್ಟರು. ಹೆಸರಿಟ್ಟು ಸುಮ್ನೆ ಕೊಟ್ಟದ್ದು ಷರತ್ತಿನ ಹಣದಷ್ಟೇ ಕೆಲಸ ಮಾಡಿತು. ಮಲಾವಿಯ ಜೋಂಬಾದಲ್ಲಿ ಬೇರೆ ಕಥೆ. ಅಲ್ಲಿ ಹದಿಹರೆಯದ ಹುಡುಗಿಯರಲ್ಲಿ ಶಾಲೆ ಬಿಡುವುದನ್ನು ತಡೆಯುವುದರಲ್ಲಿ ಷರತ್ತಿನ ಹಣ ಮುಂದಿತ್ತು. ಆದರೆ ಷರತ್ತಿಲ್ಲದ ಹಣ ಪಡೆದವರಲ್ಲಿ ಬೇಗ ಮದುವೆ, ಬೇಗ ಬಸಿರು ಕಡಿಮೆಯಾದವು. ಯಾಕೆಂದರೆ ಶಾಲೆ ಬಿಟ್ಟ ಹುಡುಗಿಗೂ ಅಲ್ಲಿ ಹಣ ಬರುತ್ತಲೇ ಇತ್ತು. ಷರತ್ತು ಕಟ್ಟುನಿಟ್ಟಾದಷ್ಟೂ, ಎಲ್ಲರಿಗಿಂತ ಕಷ್ಟದಲ್ಲಿರುವ ಹುಡುಗಿಯ ಕೈ ಮೊದಲು ಬರಿದಾಗುತ್ತದೆ ಅಂತ ನನಗೆ ಅರ್ಥವಾದದ್ದು ಇದನ್ನು ಓದಿದ ಮೇಲೆ. ಹಾಜರಿಯನ್ನು ಸರಿಯಾಗಿ ನೋಡಲು ನಿಮ್ಮ ಕಡೆ ಜನ ಇಲ್ಲದಿದ್ದರೆ ಮೊರಾಕೊ ದಾರಿಯೇ ಹಿಡಿಯಿರಿ. ಇದ್ದರೆ ಷರತ್ತಿಡಿ, ಆದರೆ ಅದನ್ನು ಹಂತ 9ರಲ್ಲಿ ಹೇಳುವ ಹಾಗೆ ಬಳಸಿ.

ಹಂತ 6: ಹಾಜರಿ ಪುಸ್ತಕವನ್ನು ಓದಲು ಕಲಿಯಿರಿ

ಹಾಜರಿ ಹಾಕುವವರು ಶಿಕ್ಷಕರು. ಅವರಿಗೂ ಆ ಮನೆಯ ಕಷ್ಟ ಗೊತ್ತು. ಮಗು ಎರಡು ದಿನ ಜಾಸ್ತಿ ತಪ್ಪಿದ್ದಕ್ಕೆ ಹಣ ಹೋಗುತ್ತದೆ ಅಂದರೆ ಯಾರಿಗಾದರೂ ಪೆನ್ನು ಬಗ್ಗುತ್ತದೆ. ಅದು ಕಳ್ಳತನ ಅಲ್ಲ, ಕನಿಕರ. ಆದರೆ ನಿಮಗೆ ಸುದ್ದಿ ತಪ್ಪುತ್ತದೆ.

ನಾನು ಕಂಡ ಒಂದು ಪುಟ ಇನ್ನೂ ಕಣ್ಣ ಮುಂದಿದೆ. ಉಳಿದ ಮಕ್ಕಳ ಸಾಲಿನಲ್ಲಿ ಗುರುತುಗಳು ದಿನಕ್ಕೊಂದು ತರ. ಒಂದು ದಿನ ನೀಲಿ, ಒಂದು ದಿನ ಕಪ್ಪು, ಒಂದು ಒತ್ತಿ ಬರೆದದ್ದು, ಒಂದು ಮಾಸಿದ್ದು. ನಮ್ಮ ಪಟ್ಟಿಯಲ್ಲಿದ್ದ ನಾಲ್ಕು ಮಕ್ಕಳ ಸಾಲು ಮಾತ್ರ ಒಂದರಿಂದ ಮೂವತ್ತರವರೆಗೆ ಒಂದೇ ನೀಲಿ, ಒಂದೇ ಒತ್ತು, ಒಂದೇ ಓರೆ. ತಿಂಗಳ ಕೊನೆಯಲ್ಲಿ ಒಂದೇ ಸಲ ಕೂತು ಬರೆದದ್ದು. ಒಂದು ಭಾನುವಾರಕ್ಕೂ ಹಾಜರಿ ಬಿದ್ದಿತ್ತು.

ಜಗಳಕ್ಕೆ ಹೋಗಲಿಲ್ಲ, ಹೋಗಿದ್ದರೆ ಆ ಶಾಲೆಯ ಬಾಗಿಲೇ ಮುಚ್ಚುತ್ತಿತ್ತು. ಎರಡು ಬದಲಾವಣೆ ಮಾಡಿದೆವು. ಮೊದಲನೆಯದು, ತಿಂಗಳಿಗೆ ಎರಡು ಸಲ ಹೇಳದೆ ಹೋಗಿ ತರಗತಿಯಲ್ಲಿ ತಲೆ ಎಣಿಸುವುದು. ಎಲ್ಲ ಮಕ್ಕಳನ್ನೂ ಎಣಿಸುತ್ತಿದ್ದೆವು, ನಮ್ಮ ಪಟ್ಟಿಯವರನ್ನಷ್ಟೇ ಎಬ್ಬಿಸಿ ನಿಲ್ಲಿಸಿದರೆ ಗುಟ್ಟು ಬಯಲಾಗುತ್ತದೆ. ಎರಡನೆಯದು ಜಾಸ್ತಿ ಕೆಲಸ ಮಾಡಿತು. "ಒಂದು ತಿಂಗಳು ತಪ್ಪಿದರೆ ಹಣ ನಿಲ್ಲುವುದಿಲ್ಲ, ನಾವು ಮನೆಗೆ ಹೋಗಿ ವಿಚಾರಿಸುತ್ತೇವೆ ಅಷ್ಟೇ" ಎಂದು ಶಿಕ್ಷಕರಿಗೆ ಹೇಳಿದೆವು. ಆಮೇಲೆ ಪುಸ್ತಕ ನಿಜ ಹೇಳತೊಡಗಿತು.

ಹಂತ 7: ಹಣ ಯಾರ ಕೈಗೆ, ಯಾವಾಗ

ಖಾತೆಗೇ ಹಾಕಿ. ಕೈಯಲ್ಲಿ ಕೊಡುವ ನೋಟಿಗೆ ಲೆಕ್ಕ ಇರುವುದಿಲ್ಲ, ನಡುವೆ ಕೈಗಳೂ ಜಾಸ್ತಿ. ತಾಯಿಯ ಖಾತೆಗಾ ತಂದೆಯ ಖಾತೆಗಾ? ಮೆಕ್ಸಿಕೋ ತಾಯಂದಿರನ್ನು ಆರಿಸಿತು, ಬಾಂಗ್ಲಾದೇಶ ತಾಯಂದಿರ ಮೊಬೈಲ್ ಖಾತೆಗೆ ಕಳಿಸುತ್ತದೆ. ಮೊರಾಕೊದಲ್ಲಿ ಎರಡನ್ನೂ ಹೋಲಿಸಿ ನೋಡಿದಾಗ ಮಕ್ಕಳ ಓದಿನಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಆದ್ದರಿಂದ ಇದನ್ನು ತತ್ವ ಮಾಡಿಕೊಳ್ಳಬೇಡಿ. ಮಗುವನ್ನು ಬೆಳಗ್ಗೆ ಎಬ್ಬಿಸಿ ಕಳಿಸುವವರು ಯಾರೋ ಅವರ ಖಾತೆಗೆ ಹಾಕಿ. ಅಜ್ಜಿ ಸಾಕುತ್ತಿದ್ದರೆ ಅಜ್ಜಿಗೆ. ಬ್ಯಾಂಕಿಗೆ ಹೋಗಿ ಬರಲು ಅವರಿಗೆ ಒಂದು ದಿನದ ಕೂಲಿ ಹೋಗುತ್ತದಾ ಅಂತ ಮಾತ್ರ ಕೇಳಿಕೊಳ್ಳಿ. ಹೋಗುತ್ತದೆ ಅಂದರೆ ಎರಡು ತಿಂಗಳಿಗೊಮ್ಮೆ ಹಾಕಿ.

ಯಾವಾಗ ಅನ್ನುವುದು ಎಷ್ಟು ಅನ್ನುವುದಕ್ಕಿಂತ ದೊಡ್ಡದು. ಬೊಗೊಟಾದಲ್ಲಿ 2005ರಲ್ಲಿ ಒಂದು ಚೆಂದದ ಪ್ರಯೋಗ ನಡೆಯಿತು. ಒಂದು ಗುಂಪಿಗೆ ಎರಡು ತಿಂಗಳಿಗೊಮ್ಮೆ ಪೂರ್ತಿ ಹಣ. ಇನ್ನೊಂದು ಗುಂಪಿಗೆ ಮೂರರಲ್ಲಿ ಎರಡು ಪಾಲು ಮಾತ್ರ. ಉಳಿದ ಒಂದು ಪಾಲನ್ನು ಕೂಡಿಟ್ಟು, ಮುಂದಿನ ವರ್ಷಕ್ಕೆ ಹೆಸರು ಬರೆಸುವ ಸಮಯಕ್ಕೆ ಒಟ್ಟಿಗೆ ಕೊಟ್ಟರು. ತಿಂಗಳ ಹಾಜರಿಯಲ್ಲಿ ಎರಡೂ ಗುಂಪು ಸಮ. ಮರುವರ್ಷ ಹೆಸರು ಬರೆಸುವುದರಲ್ಲಿ ಮಾತ್ರ ಕೂಡಿಟ್ಟ ಗುಂಪು ಮುಂದೆ ಹೋಯಿತು. ಬ್ರೆಜಿಲ್ 2024ರಲ್ಲಿ ಹೈಸ್ಕೂಲು ಮಕ್ಕಳಿಗೆ ತಂದ ಪೆ-ಜಿ-ಮೇಯಾ ಕೂಡ ಇದೇ ಜಾಡಿನದು. ಹಾಜರಿಗೆ ತಿಂಗಳ ಹಣ, ಜೊತೆಗೆ ವರ್ಷ ಪಾಸಾದಾಗೊಮ್ಮೆ ಉಳಿತಾಯಕ್ಕೆ ಒಂದು ಮೊತ್ತ. ಅದನ್ನು ಹೈಸ್ಕೂಲು ಮುಗಿಸಿದ ಮೇಲೆ ಮಾತ್ರ ತೆಗೆಯಬಹುದು.

ಯಾಕೆ ಹೀಗಾಗುತ್ತದೆ ಅಂತ ನಿಮ್ಮ ಪಟ್ಟಿಯನ್ನೇ ನೋಡಿದರೆ ಗೊತ್ತಾಗುತ್ತದೆ. ಮಕ್ಕಳು ನಡು ವರ್ಷದಲ್ಲಿ ಬಿಡುವುದಕ್ಕಿಂತ ದೊಡ್ಡ ರಜೆಯಲ್ಲಿ ಜಾರುವುದು ಜಾಸ್ತಿ. ರಜೆಗೆಂದು ಕೆಲಸಕ್ಕೆ ಹೋದ ಹುಡುಗ ಶಾಲೆ ತೆರೆದರೂ ವಾಪಸ್ಸು ಬರುವುದಿಲ್ಲ. ಶುಲ್ಕ, ಬಟ್ಟೆ, ಚೀಲ, ಪುಸ್ತಕ ಎಲ್ಲ ಒಂದೇ ವಾರದಲ್ಲಿ ಬಂದು ಬೀಳುವುದೂ ಆಗಲೇ. ಮನೆಯಲ್ಲಿ ಕಾಸಿಲ್ಲದ ಆ ವಾರಕ್ಕೆ ಗುರಿಯಿಡಿ. ಶಾಲೆ ತೆರೆಯುವ ಹತ್ತು ದಿನ ಮುಂಚೆ, ಮುಂದಿನ ತರಗತಿಗೆ ಹೆಸರು ಬರೆಸಿದ ಚೀಟಿ ತೋರಿಸಿದವರಿಗೆ ಕೂಡಿಟ್ಟ ಪಾಲು ಕೊಡಿ.

ಯಾವ ತಾರೀಕಿಗೆ ಅಂತ ಹೇಳಿದ್ದೀರೋ ಅದೇ ತಾರೀಕಿಗೆ ಹಾಕಿ. ಒಮ್ಮೆ ನಮ್ಮದು ಐದು ವಾರ ತಡವಾಯಿತು. ಕಾರಣ ಸಣ್ಣದು, ಸಹಿ ಹಾಕಬೇಕಾದವರು ಊರಲ್ಲಿರಲಿಲ್ಲ. ಅಷ್ಟರಲ್ಲಿ ಒಂದು ಮನೆಯವರು ಆ ಹಣ ಬರುತ್ತದೆಂದು ನಂಬಿ ಕೈಸಾಲ ಮಾಡಿ, ಅದರ ಬಡ್ಡಿಗೆ ಮಗನನ್ನು ಎರಡು ವಾರ ಕೆಲಸಕ್ಕೆ ಕಳಿಸಿದ್ದರು. ನಾವು ಕೊಡುವ ಹಣವೇ ಅವನನ್ನು ಶಾಲೆ ಬಿಡಿಸಿತ್ತು. ಅಂದಿನಿಂದ ಸಹಿ ಮೂವರದ್ದು ಇಟ್ಟೆವು, ಅವರಲ್ಲಿ ಯಾರಿಬ್ಬರು ಸಹಿ ಹಾಕಿದರೂ ಸಾಕು. ಎರಡು ಕಂತಿನ ಹಣ ಯಾವಾಗಲೂ ಖಾತೆಯಲ್ಲಿ ಮುಂಗಡ ಇರುತ್ತದೆ.

ಹಂತ 8: ಮನೆಯವರ ಜೊತೆ ಮೊದಲ ಮಾತು

ಒಂದು ಪುಟದ ಚೀಟಿ ಮಾಡಿ. ಎಷ್ಟು ಹಣ, ಯಾವ ತಾರೀಕು, ಎಷ್ಟು ದಿನ ತಪ್ಪಬಹುದು, ಎಲ್ಲಿಯವರೆಗೆ, ಹಣ ಬರದಿದ್ದರೆ ಯಾರಿಗೆ ಫೋನ್ ಮಾಡಬೇಕು. ಐದೇ ಸಾಲು. ಅದನ್ನು ಓದಿ ಹೇಳಿ, ಮಗುವೂ ಎದುರಿಗಿರಲಿ. ಓದಿ ಮುಗಿದ ಮೇಲೆ "ಈಗ ನೀವು ನನಗೆ ಹೇಳಿ, ಏನು ಅರ್ಥವಾಯಿತು?" ಅಂತ ಕೇಳಿ. ಹೀಗೆ ಕೇಳಿದಾಗಲೇ ಒಬ್ಬ ತಾಯಿ "ಫೇಲಾದರೆ ಎಲ್ಲ ವಾಪಸ್ಸು ಕೊಡಬೇಕಲ್ವಾ ಸಾರ್?" ಅಂದರು. ಆ ಭಯ ಅವರಿಗೆ ಎಲ್ಲಿಂದ ಬಂತೋ. ಕೇಳದೇ ಇದ್ದಿದ್ದರೆ ವರ್ಷಪೂರ್ತಿ ಆ ಹಣ ಮುಟ್ಟುತ್ತಿರಲಿಲ್ಲ.

ಇನ್ನೊಂದು ಮಾತು. ಮಕ್ಕಳನ್ನು ವೇದಿಕೆ ಹತ್ತಿಸಿ, ದೊಡ್ಡ ಚೆಕ್ಕು ಹಿಡಿಸಿ ಫೋಟೋ ತೆಗೆಯಬೇಡಿ. ಚಂದಾ ಕೊಡುವವರು ಕೇಳುತ್ತಾರೆ, ಗೊತ್ತು. ಹೆಸರಿಲ್ಲದ ಲೆಕ್ಕಪತ್ರ ಕಳಿಸಿ. ಹದಿಮೂರರ ಹುಡುಗಿಗೆ ತನ್ನ ಬಡತನ ಇಡೀ ಶಾಲೆಗೆ ಗೊತ್ತಾಯಿತು ಅನ್ನುವುದೂ ಶಾಲೆ ಬಿಡಲು ಸಾಕಾದ ಕಾರಣ.

ಹಂತ 9: ಮಗು ಬರದಿದ್ದಾಗ

ಇಡೀ ಯೋಜನೆ ನಿಂತಿರುವುದು ಈ ಹಂತದ ಮೇಲೆ. ಹಾಜರಿ ಕುಸಿದಿದೆ ಅಂದರೆ ಆ ಮನೆಯಲ್ಲಿ ಏನೋ ಆಗಿದೆ. ಅದೇ ಹೊತ್ತಿಗೆ ಹಣ ಕಿತ್ತುಕೊಂಡರೆ ಬೀಳುವವರನ್ನು ತಳ್ಳಿದ ಹಾಗೆ. ಷರತ್ತನ್ನು ಬಾಗಿಲ ಗಂಟೆಯ ಹಾಗೆ ಬಳಸಿ. ಅದು ಬಾರಿಸಿದಾಗ ಹೋಗಿ ನೋಡಬೇಕು.

ಬೋಲ್ಸಾ ಫಮಿಲಿಯಾದಂಥ ದೊಡ್ಡ ಯೋಜನೆಯಲ್ಲೂ ಮೊದಲ ಸಲ ತಪ್ಪಿದರೆ ಬರೀ ಎಚ್ಚರಿಕೆ. ಆಮೇಲೆ ತಾತ್ಕಾಲಿಕ ತಡೆ, ಆಮೇಲೆ ಅಮಾನತು, ಪೂರ್ತಿ ರದ್ದು ತೀರ ಕೊನೆಗೆ. ನಿಮ್ಮದು ಇನ್ನೂ ಮೆತ್ತಗಿರಲಿ. ಮೊದಲ ಸಲ ತಪ್ಪಿದರೆ ಹಣ ಹಾಕಿ, ಒಂದು ವಾರದೊಳಗೆ ಮನೆಗೆ ಹೋಗಿ. ಎರಡನೇ ಸಲ ತಪ್ಪಿದರೆ ಆ ಕಂತನ್ನು ತಡೆದಿಡಿ, ಮಗು ಮರಳಿ ಒಂದು ತಿಂಗಳು ಸರಿಯಾಗಿ ಬಂದರೆ ಸೇರಿಸಿ ಕೊಡಿ. ಮೂರನೇ ಸಲವೂ ತಪ್ಪಿದರೆ ಶಿಕ್ಷಕರು, ಮನೆಯವರು, ನೀವು ಮೂವರೂ ಕೂತು ಮಾತಾಡಿ. ಹೆಸರು ತೆಗೆಯುವ ಮಾತು ಅದಾದ ಮೇಲೆ. ತೆಗೆದರೂ, ಮಗು ಯಾವಾಗ ಶಾಲೆಗೆ ಮರಳಿದರೂ ಸರದಿಯಿಲ್ಲದೆ ಸೇರಿಸಿಕೊಳ್ಳುತ್ತೇವೆ ಅಂತ ಹೇಳಿ ಬನ್ನಿ.

ಮನೆಗೆ ಹೋಗುವ ಮುಂಚೆ ಗೈರಿನ ದಿನಗಳನ್ನು ಕ್ಯಾಲೆಂಡರಿನಲ್ಲಿ ಗುರುತು ಮಾಡಿ ನೋಡಿ. ಒಬ್ಬ ಹುಡುಗಿಯದು ಎಂಟು ದಿನ ತಪ್ಪಿತ್ತು. ಗುರುತು ಹಾಕಿದರೆ ಎಲ್ಲವೂ ಮಂಗಳವಾರ, ಬುಧವಾರ. ಕಾಯಿಲೆಗೆ ವಾರ ಗೊತ್ತಿರುವುದಿಲ್ಲ. ಮನೆಗೆ ಹೋದಾಗ ಅವಳ ತಾಯಿ ಬಾಗಿಲಲ್ಲೇ ಶುರು ಮಾಡಿದರು, "ಹಣ ನಿಲ್ಲಿಸ್ತೀರಾ?" ನಿಲ್ಲಿಸಲ್ಲ, ಮಂಗಳವಾರ ಏನಿದೆ ಅಂತ ಕೇಳಲು ಬಂದೆ ಅಂದೆ. ಅವರು ಸ್ವಲ್ಪ ಹೊತ್ತು ನನ್ನ ಮುಖ ನೋಡಿದರು. ಆ ಎರಡು ದಿನ ಅವರಿಗೆ ಬೆಳಗಿನ ಪಾಳಿ. ಒಂದೂವರೆ ವರ್ಷದ ಕೂಸನ್ನು ನೋಡುವವರಿಲ್ಲ. ಅದು ಒಳಗೆ ಅಕ್ಕನ ಸೊಂಟದ ಮೇಲೆ ಕೂತು, ಅವಳ ಜಡೆಯ ತುದಿ ಬಾಯಿಗಿಟ್ಟುಕೊಂಡಿತ್ತು. ನಾವು ಹಣ ಹೆಚ್ಚಿಸಲಿಲ್ಲ. ಪಕ್ಕದ ಮನೆಯವರು ಎರಡು ಬೆಳಗು ಕೂಸನ್ನು ನೋಡಿಕೊಳ್ಳಲು ಒಪ್ಪಿದರು, ಅವರಿಗೆ ಗುಂಪಿನಿಂದ ಸ್ವಲ್ಪ ಕೊಟ್ಟೆವು. ಹಂತ 4ರಲ್ಲಿ ಹೇಳಿದ ಓಡಾಟದ ಖರ್ಚಿನ ಸಾಲಿನಲ್ಲೇ ಅದು ಮುಗಿಯಿತು.

ಹಂತ 10: ಕೆಲಸ ಆಗುತ್ತಿದೆಯಾ ಅಂತ ನೋಡುವುದು

"ನಮ್ಮ ಮಕ್ಕಳ ಹಾಜರಿ ಶೇ 92" ಅಂತ ಬೀಗಬೇಡಿ, ಹೇಗೂ ಬರುತ್ತಿದ್ದವರನ್ನೇ ಆರಿಸಿದ್ದರೂ ಅದೇ ಸಂಖ್ಯೆ ಬರುತ್ತದೆ. ನೋಡಬೇಕಾದದ್ದು ಹಂತ 1ರ ಅದೇ ಲೆಕ್ಕ: ಜಾರುವ ತರಗತಿಯಿಂದ ಮುಂದಿನ ತರಗತಿಗೆ ದಾಟಿದವರು ಮುಂಚೆ ಎಷ್ಟು, ಈಗ ಎಷ್ಟು. ಇಡೀ ತರಗತಿಯನ್ನು ಎಣಿಸಿ. ನಿಮ್ಮವರು ದಾಟಿದರು, ಉಳಿದವರು ಬಿಟ್ಟರು ಅಂದರೆ ಆಯ್ಕೆಯಲ್ಲಿ ಏನೋ ತಪ್ಪಿದೆ.

ಮಕ್ಕಳು ಬಂದರು ಅಂದರೆ ಕಲಿತರು ಅಂತಲ್ಲ. ಮೆಕ್ಸಿಕೋದಿಂದ ಹಿಡಿದು ಹಲವು ಕಡೆ ದಾಖಲಾತಿ, ಹಾಜರಿ ಏರಿದರೂ ಪರೀಕ್ಷೆಯ ಅಂಕ ಅಷ್ಟಾಗಿ ಏರಲಿಲ್ಲ. ಹೊಸದಾಗಿ ಉಳಿದ ಮಕ್ಕಳು ಸಾಮಾನ್ಯವಾಗಿ ಓದಿನಲ್ಲಿ ಹಿಂದೆ ಬಿದ್ದವರು, ಅವರ ಜೊತೆಗೆ ತರಗತಿಯೂ ದೊಡ್ಡದಾಗುತ್ತದೆ. ವರ್ಷಕ್ಕೊಮ್ಮೆ ಪ್ರತಿ ಮಗುವಿಗೂ ಒಂದು ಪ್ಯಾರಾ ಓದಿಸಿ, ಒಂದು ಭಾಗಾಕಾರ ಮಾಡಿಸಿ ನೋಡಿ. ಬಾರದವರಿಗೆ ಸಂಜೆ ಒಂದು ಗಂಟೆ ಕಲಿಸುವವರನ್ನು ಹುಡುಕಿ. ಹೊಸ ಹೆಸರು ಸೇರಿಸುವುದಕ್ಕಿಂತ ಮೊದಲು ಇದಕ್ಕೆ ಹಣ ಎತ್ತಿಡಿ.

ಹಂತ 11: ಮುಗಿಸುವುದು

ಕೊನೆಯ ಕಂತು ಯಾವ ತಿಂಗಳಲ್ಲಿ ಅಂತ ಮನೆಯವರಿಗೆ ಒಂದು ವರ್ಷ ಮುಂಚೆ ಹೇಳಿ. ಆರು ತಿಂಗಳಿದ್ದಾಗ ಇನ್ನೊಮ್ಮೆ ಹೇಳಿ. ಮುಂದಿನ ಓದಿಗೆ ಸಿಗುವ ವಿದ್ಯಾರ್ಥಿವೇತನದ ಅರ್ಜಿಗಳನ್ನು ಆ ಆರು ತಿಂಗಳಲ್ಲೇ ಮಗುವಿನ ಜೊತೆ ಕೂತು ತುಂಬಿಸಿ. ಬೇಕಾಗುವ ಪ್ರಮಾಣಪತ್ರಗಳಲ್ಲಿ ಹೆಸರಿನ ಅಕ್ಷರ ಎಲ್ಲ ಕಡೆ ಒಂದೇ ಇದೆಯಾ ಅಂತ ನೋಡಿ, ಅರ್ಜಿಗಳು ಬಿದ್ದುಹೋಗುವುದು ಬಹುಪಾಲು ಅಲ್ಲೇ. ಕೂಡಿಟ್ಟ ಪಾಲಿನ ಕೊನೆಯ ಕಂತನ್ನು ಪರೀಕ್ಷೆ ಮುಗಿದ ದಿನ ಕೊಡಬೇಡಿ. ಮುಂದಿನ ಕಾಲೇಜಿಗೆ ಹೆಸರು ಬರೆಸಿದ ಚೀಟಿ ತಂದ ದಿನ ಕೊಡಿ.